ಕತ್ತಲೆ ಕೋಣೆಯ ಕಸುಬು

ಮೂಗೂರು ಅಂದರೆ ಜನಕ್ಕೆ ನೆನಪಾಗುವುದು ತ್ರಿಪುರಸುಂದರಿ ಅಮ್ಮನವರ ಜಾತ್ರೆ. ನಾಟ್ಯ ಬಲ್ಲವರಾದರೆ ಮೂಗೂರು ಜೇಜಮ್ಮನವರ ಹೆಸರು ಎತ್ತುತ್ತಾರೆ, ಸಿನಿಮಾ ನೋಡುವವರು ಮೂಗೂರು ಸುಂದರ್ ಮಾಸ್ತರರನ್ನೂ ಅವರ ಮಗ ಪ್ರಭುದೇವನನ್ನೂ ನೆನೆಯುತ್ತಾರೆ. ಇಂಥ ಕುಣಿಯುವವರ ಊರಲ್ಲಿ ಹುಟ್ಟಿ, ಸರ್ವೀಸಿನುದ್ದಕ್ಕೂ ಜನಕ್ಕೆ ನಾನು ಹೇಳುತ್ತ ಬಂದದ್ದು ‘ಅಲ್ಲಾಡಬೇಡಿ’ ಅಂತ. ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇ ಟೆಕ್ನಿಷಿಯನ್ ಆಗಿ ನಿವೃತ್ತನಾದವನು ನಾನು. ಡಾಕ್ಟರುಗಳ ಚರಿತ್ರೆ ಬರೆಯಲು ಜನ ಇದ್ದಾರೆ. ನಮ್ಮದನ್ನು ನಾವೇ ಬರೆದುಕೊಳ್ಳಬೇಕು.

ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ರಾಂಟ್ಜನ್ ಈ ಕಿರಣವನ್ನು ಕಂಡದ್ದು 1895ರ ನವೆಂಬರ್ 8ರಂದು. ಮರುತಿಂಗಳು ಹೆಂಡತಿಯ ಕೈಯ ಪಟ ತೆಗೆದ. ಅದರಲ್ಲಿ ಮೂಳೆಗಿಂತ ಎದ್ದು ಕಾಣುವುದು ಆಕೆಯ ಉಂಗುರ. ನಮಗೂ ಕೊನೆಯವರೆಗೆ ಅದೇ ಪೀಕಲಾಟ. ಉಡಿದಾರ, ತಾಯಿತ, ಕಾಲುಂಗುರ ಹೇಗೋ ಬಿಚ್ಚಿಸಬಹುದು, ತಾಳಿ ತೆಗೆಯಿರಿ ಅಂದರೆ ಹೆಂಗಸರು ಬಾಗಿಲ ಕಡೆ ತಿರುಗುತ್ತಿದ್ದರು. ಎದೆಯ ಪಟಕ್ಕೆ ತಾಳಿಸರವನ್ನು ಮೇಲಕ್ಕೆಳೆದು ಹಲ್ಲಲ್ಲಿ ಕಚ್ಚಿಕೊಳ್ಳಲು ಹೇಳುವುದನ್ನು ನನ್ನ ಹಿರಿಯರು ಕಲಿಸಿಕೊಟ್ಟರು. ಆ ಉಪಾಯ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ನಮ್ಮ ಕಡೆಯವರಿಗೆ ಎಕ್ಸ್‌ರೇ ಪರಿಚಯವಾದದ್ದು ಮುರಿದ ಮೂಳೆಯಿಂದಲ್ಲ, ಕ್ಷಯದಿಂದ ಅಂತಲೇ ನನ್ನ ಎಣಿಕೆ. ಮೂಳೆ ಮುರಿದರೆ ಬಿದಿರು ದಬ್ಬೆ ಇಟ್ಟು ಕಟ್ಟು ಕಟ್ಟುವವರು ಹಳ್ಳಿಹಳ್ಳಿಯಲ್ಲಿದ್ದರು. ಕೆಮ್ಮಿದರೆ ರಕ್ತ ಬರುವವನನ್ನು ಕಟ್ಟುವುದು ಎಲ್ಲಿಗೆ? ಅರಮನೆಯನ್ನೂ ಆ ರೋಗ ಬಿಟ್ಟಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದಲೇ ತೀರಿಕೊಂಡರು. ಅವರ ಹೆಸರಿನಲ್ಲಿ 1921ರಲ್ಲಿ ಮೈಸೂರಿನಲ್ಲಿ ತೆರೆದ ಸ್ಯಾನಟೋರಿಯಮ್ಮೇ ಇಂದಿಗೂ ಕೆ.ಆರ್.ಎಸ್. ರಸ್ತೆಯಲ್ಲಿರುವ ಪಿ.ಕೆ.ಟಿ.ಬಿ. ಆಸ್ಪತ್ರೆ. ಬೆಂಗಳೂರಿನಲ್ಲಿ 1924ರಲ್ಲಿ ಶುರುವಾದ ಮೆಡಿಕಲ್ ಕಾಲೇಜು 1930ರಲ್ಲಿ ಮೈಸೂರಿಗೆ ಬಂದ ಮೇಲೆ ಕೆ.ಆರ್. ಆಸ್ಪತ್ರೆ, ಅಂದರೆ ನಮ್ಮ ಜನರ ದೊಡ್ಡಾಸ್ಪತ್ರೆ, ಈ ವಿದ್ಯೆಯ ಗರಡಿಯಾಯಿತು. ನಂಜನಗೂಡು, ನರಸೀಪುರ ಕಡೆಯ ನಮ್ಮಂಥವರು ಪಳಗಿದ್ದು ಅಲ್ಲೇ.

ಸ್ಟ್ರೆಪ್ಟೊಮೈಸಿನ್ ಬರುವ ಮುಂಚೆ ಸ್ಯಾನಟೋರಿಯಂಗಳಲ್ಲಿ ಇದ್ದ ಮದ್ದು ಗಾಳಿ, ಹಾಲು, ವಿಶ್ರಾಂತಿ. ಜೊತೆಗೆ ಪಕ್ಕೆಗೆ ಸೂಜಿ ಚುಚ್ಚಿ ಗಾಳಿ ತುಂಬಿ, ರೋಗ ಹಿಡಿದ ಶ್ವಾಸಕೋಶವನ್ನು ಮಡಚಿ ಕೂರಿಸುವುದು. ಎಷ್ಟು ಮಡಚಿತು ಅಂತ ಪ್ರತಿ ಸಲವೂ ಪರದೆಯಲ್ಲಿ ನೋಡಬೇಕು. ಆ ಮಂದ ಬೆಳಕಿಗೆ ಕಣ್ಣು ಹೊಂದಿಸಿಕೊಳ್ಳಲು ಮೊದಲೇ ಕತ್ತಲಲ್ಲಿ ಕಾದು ಕೂರಬೇಕು. ಮಾತ್ರೆ ಬಂದಮೇಲೆ ಇದೆಲ್ಲ ಹಿಂದೆ ಸರಿಯಿತು. ಮನೆಯಲ್ಲೇ ಇದ್ದು ಮಾತ್ರೆ ನುಂಗಿದವನೂ ಸ್ಯಾನಟೋರಿಯಮ್ಮಿನಲ್ಲಿ ಮಲಗಿದವನಷ್ಟೇ ಗುಣವಾಗುತ್ತಾನೆಂದು ಮದ್ರಾಸಿನ ಅಧ್ಯಯನ 1959ರಲ್ಲಿ ತೋರಿಸಿಕೊಟ್ಟಿತು.

ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅವರ ಎಕ್ಸ್‌ರೇ ವ್ಯಾನುಗಳು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ನುಗ್ಗಿ, ಊರಿಗೆ ಊರನ್ನೇ ಸಾಲಾಗಿ ನಿಲ್ಲಿಸಿ ಎದೆಯ ಚಿಕ್ಕಚಿಕ್ಕ ಪಟ ತೆಗೆದವು. ಆಮೇಲೆ ಬ್ಯಾನರ್ಜಿ ಮತ್ತು ಆಂಡರ್ಸನ್ ಆ ರೋಗಿಗಳ ಮನೆಗಳಿಗೇ ಹೋಗಿ ಮಾತಾಡಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು: ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದಿದ್ದರು, ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು. ವ್ಯಾನು ಅವರನ್ನು ಹುಡುಕಿಕೊಂಡು ಹೋಗಬೇಕಿರಲಿಲ್ಲ, ಬಾಗಿಲಿಗೆ ಬಂದವರ ಕಫ ನೋಡಿದ್ದರೆ ಸಾಕಿತ್ತು. 1962ರ ರಾಷ್ಟ್ರೀಯ ಕಾರ್ಯಕ್ರಮ ಹಳ್ಳಿ ಆಸ್ಪತ್ರೆಯ ಸೂಕ್ಷ್ಮದರ್ಶಕಕ್ಕೆ ಮಣೆ ಹಾಕಿತು. ನಮ್ಮ ಕಸುಬಿನವರ ವ್ಯಾನುಗಳೇ ನಮ್ಮನ್ನು ಹಿಂದಿನ ಸಾಲಿಗೆ ಕೂರಿಸಿದವು. ನ್ಯಾಯವಾದದ್ದೇ ಆಯಿತು ಅನ್ನುತ್ತೇನೆ. ಈಗ 2024ರ ಡಿಸೆಂಬರಿನಿಂದ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ಮತ್ತೆ ಹಳ್ಳಿಗೆ ಹೊರಟಿದೆ, ಪಟ ಓದಲು ಕಂಪ್ಯೂಟರನ್ನೂ ಕಟ್ಟಿಕೊಂಡು.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಡಾರ್ಕ್ ರೂಮೇ ನಮ್ಮ ಸಂಸಾರ. ಕೆಂಪು ದೀಪ, ಮೂರು ತೊಟ್ಟಿ: ಡೆವಲಪರು, ನೀರು, ಹೈಪೋ. ಕ್ಯಾಸೆಟ್ ಬಿಚ್ಚಿ ಫಿಲ್ಮನ್ನು ಹ್ಯಾಂಗರಿನ ನಾಲ್ಕು ಕ್ಲಿಪ್ಪಿಗೆ ಸಿಕ್ಕಿಸಿ ಮುಳುಗಿಸುವುದು, ಗುಳ್ಳೆ ಕೂರದ ಹಾಗೆ ಒಮ್ಮೆ ಅಲುಗಿಸುವುದು. ಡೆವಲಪರು ಇಪ್ಪತ್ತು ಡಿಗ್ರಿ ಇರಬೇಕು ಅಂತ ಪುಸ್ತಕದ ಮಾತು. ನರಸೀಪುರದ ಏಪ್ರಿಲ್ ಬಿಸಿಲು ಪುಸ್ತಕ ಓದಿರುವುದಿಲ್ಲ. ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೊಟ್ಟಿಗೆ ಇಳಿಬಿಡುತ್ತಿದ್ದೆವು. ಕರೆಂಟಿನದು ಇನ್ನೊಂದು ಕಥೆ. ಗದ್ದೆಗಳ ಪಂಪ್‌ಸೆಟ್ಟು ಒಟ್ಟಿಗೆ ಶುರುವಾದರೆ ವೋಲ್ಟೇಜು ಕುಸಿದು ಫಿಲ್ಮು ಬೂದಿ ಬಳಿದಂತೆ ಬರುತ್ತಿತ್ತು. ನಾಟಿ ಕಾಲದಲ್ಲಿ ಸೊಂಟದ ಪಟ ಬೇಕಾದವರನ್ನು ಮೊದಲು ಕರೆಂಟು ನೋಡಿಕೊಂಡೇ ಒಳಗೆ ಬಿಡುತ್ತಿದ್ದೆ. ಕೆಲವು ಸಲ ಬರುತ್ತಿದ್ದದ್ದು ‘ಇಂದು’ ಹೆಸರಿನ ಫಿಲ್ಮು, 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯದು. ನಂಜನಗೂಡು, ಗುಂಡ್ಲುಪೇಟೆ ದಾಟಿ ಘಾಟಿ ಹತ್ತಿದರೆ ಸಿಗುವ ಆ ಕಾರ್ಖಾನೆ ಈಗ ಮುಚ್ಚಿದೆ. ಬಳಸಿದ ಹೈಪೋದಲ್ಲಿ ಬೆಳ್ಳಿ ಇರುತ್ತದೆ. ಅದನ್ನು ಕೊಳ್ಳುವವರು ಕ್ಯಾನು ಹಿಡಿದು ಬರುತ್ತಿದ್ದರು. ನಮ್ಮ ಕೋಣೆಯಿಂದ ಬೆಳ್ಳಿ ಹೊರಡುತ್ತಿತ್ತು, ನಮಗೆ ಉಳಿಯುತ್ತಿದ್ದದ್ದು ಬೆರಳ ಕರೆ.

ತೊಟ್ಟಿಯಿಂದ ಎತ್ತಿದ ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದವನು ಮೊದಲು ನೋಡುತ್ತಾನೆ. ಎದೆಯ ಮೇಲ್ಭಾಗದಲ್ಲಿ ಹತ್ತಿಯಂಥ ಮಚ್ಚೆ, ನಡುವೆ ಗುಂಡಗೆ ಖಾಲಿ ಜಾಗ. ನೋಡನೋಡುತ್ತ ಕಣ್ಣು ಪಳಗಿಬಿಡುತ್ತದೆ. ಹೊರಗೆ ಬೆಂಚಿನ ಮೇಲೆ ಮುದುಕಿ ಕೂತಿದ್ದಾಳೆ, ಒಳಗಿನದು ಅವಳ ಮಗನ ಪಟ.

“ಏನಾರ ಕಂಡದಾ ಸಾ?”

“ಡಾಕ್ಟ್ರು ನೋಡಿ ಹೇಳ್ತಾರೆ ಕನವ್ವ.”

“ನಿಮಗ್ ಗೊತ್ತಿಲ್ವ?”

ಗೊತ್ತು. ಹೇಳುವ ಹಕ್ಕಿಲ್ಲ. ಪಟ ತೆಗೆಯುವುದು ನಮ್ಮ ಕೆಲಸ, ಓದುವುದು ಡಾಕ್ಟರದು, ಇದು ಕಸುಬಿನ ಕಟ್ಟುಪಾಡು. ಮುಖ ನೋಡಿಯೇ ಅವರು ಓದಿಬಿಡುತ್ತಾರೆಂದು ಫಿಲ್ಮನ್ನು ಅಟೆಂಡರ್ ಕೈಲಿ ಕಳಿಸುವ ಟೆಕ್ನಿಷಿಯನ್‌ಗಳಿದ್ದರು. ನಾನು ಮುಂದೆ ನಿಂತೇ ಕೊಡುತ್ತಿದ್ದೆ, ಮಾತನ್ನು ಮಳೆ ಬೆಳೆಗೆ ತಿರುಗಿಸುತ್ತಿದ್ದೆ. ಮೂಳೆಯದಾದರೆ ಅಷ್ಟು ಕಷ್ಟವಿರಲಿಲ್ಲ. ತೆಂಗಿನಮರದಿಂದ ಬಿದ್ದವನು ಮೊಟ್ಟೆಯ ಬಿಳಿ ಹಚ್ಚಿದ ಬಟ್ಟೆ, ದಬ್ಬೆ ಸಮೇತ ಬರುತ್ತಿದ್ದ. ಕಟ್ಟು ಬಿಚ್ಚಲು ಒಪ್ಪದಿದ್ದರೆ ಅದರ ಮೇಲೆಯೇ ಪಟ ತೆಗೆಯುವುದು. ಆ ಕಟ್ಟಿನೊಳಗೆ ಮೂಳೆ ನೆಟ್ಟಗೆ ಕೂತಿರುವುದನ್ನು ಕಂಡು ಡಾಕ್ಟರೇ ತಲೆದೂಗಿದ್ದುಂಟು. ಸೊಟ್ಟಗೆ ಕೂತದ್ದೂ ಉಂಟು.

ಕಿರಣಕ್ಕೆ ಮೊದಲು ಬಲಿಯಾದವರೂ ನಮ್ಮವರೇ. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಟ್ಯೂಬನ್ನು ತನ್ನ ಕೈಯಿಟ್ಟೇ ಪರೀಕ್ಷಿಸುತ್ತಿದ್ದ. ಕೈಗಳನ್ನು ಕತ್ತರಿಸಿದರೂ ಉಳಿಯದೆ 1904ರಲ್ಲಿ ಸತ್ತ. ಹಾಗೆ ಸತ್ತವರ ಹೆಸರು ಕೆತ್ತಿದ ಕಲ್ಲನ್ನು 1936ರಲ್ಲಿ ಹ್ಯಾಂಬರ್ಗ್‌ನಲ್ಲಿ ನಿಲ್ಲಿಸಿದ್ದಾರೆ. ನಮ್ಮಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಬಂದದ್ದು 1983ರಲ್ಲಿ. ಸೀಸದ ಏಪ್ರನ್ನು, ಎದೆಗೆ ಸಿಕ್ಕಿಸುವ ಬ್ಯಾಡ್ಜು, ಮೂರು ತಿಂಗಳಿಗೊಮ್ಮೆ ಅದನ್ನು ಲೆಕ್ಕಕ್ಕೆ ಕಳಿಸುವುದು, ಇವೆಲ್ಲ ರೂಢಿಗೆ ಬರಲು ಹೊತ್ತು ಹಿಡಿಯಿತು. ಏಪ್ರನ್ನು ಮೊಳೆಗೆ ನೇತುಹಾಕಿ ಕೆಲಸ ಮಾಡುವವರನ್ನು ಕಂಡಿದ್ದೇನೆ. ಮಡಚಿಟ್ಟು ಒಳಗಿನ ಸೀಸ ಬಿರುಕು ಬಿಡಿಸಿದವರನ್ನೂ.

ಸಿ.ಟಿ. ಸ್ಕ್ಯಾನಿಗೆ 1979ರ ನೊಬೆಲ್ ಹೋದದ್ದು ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಪಾಲಿಗೆ. ಆದರೆ ತುಂಡುತುಂಡು ನೆರಳುಗಳಿಂದ ಒಳಗಿನ ಚಿತ್ರ ಕಟ್ಟುವ ಚುರುಕಾದ ಲೆಕ್ಕವನ್ನು 1971ರಲ್ಲೇ ಪ್ರಕಟಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳಿದ ರಾಮಚಂದ್ರನ್ನರ ಹೆಸರಿನ ಸೋಸುವ ಸೂತ್ರ ಇಂದಿಗೂ ಸಿ.ಟಿ. ಪಾಠದಲ್ಲಿದೆ. ಟ್ರೈನಿಂಗಿಗೆ ಬರುವ ಹುಡುಗರಿಗೆ ನಾನು ಇದನ್ನು ಬೇಕೆಂದೇ ಹೇಳುತ್ತಿದ್ದೆ.

ಅಲ್ಟ್ರಾಸೌಂಡಿನದು ಬೇರೆ ಕಥೆ. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಹೊಟ್ಟೆಯೊಳಗಿನದನ್ನು ಶಬ್ದದಿಂದ ತೋರಿಸಿದಾಗ, ಅದು ನಮ್ಮ ಕಡೆ ಏನಾದೀತೆಂದು ಅವನು ಎಣಿಸಿರಲಿಕ್ಕಿಲ್ಲ. ಗಂಡೋ ಹೆಣ್ಣೋ ಹೇಳಬಾರದೆಂಬ ಕಾಯ್ದೆ ಆದದ್ದು 1994ರಲ್ಲಿ, ಜಾರಿಗೆ ಬಂದದ್ದು 1996ರಲ್ಲಿ. ಅಲ್ಲಿಯವರೆಗೆ ಬರೀ ಕಟ್ಟುಪಾಡಾಗಿದ್ದ ಮೌನ ಕಾನೂನಾಯಿತು, ಗೋಡೆಗೆ ಬೋರ್ಡು ಬಂತು. ಹಾಗಿದ್ದೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ಪತ್ತೆ ಹಚ್ಚುತ್ತಿದ್ದ ಜಾಲ ಸಿಕ್ಕಿಬಿತ್ತು. ಬಂಧಿತರಲ್ಲಿ ಡಾಕ್ಟರೂ ಇದ್ದರು, ಲ್ಯಾಬ್ ಟೆಕ್ನಿಷಿಯನ್ನೂ ಇದ್ದ. ಕ್ಷಯ ಹಿಡಿದ ಮಗನ ತಾಯಿಗೆ ಒಂದು ಮಾತು ಹೇಳಲಾರದೆ ಬಾಯಿ ಕಟ್ಟಿಕೊಂಡಿದ್ದ ಕಸುಬು ನಮ್ಮದು. ಇಲ್ಲಿ ಅದೇ ಒಂದು ಮಾತಿಗೆ ರೇಟು ಕಟ್ಟಿದ್ದರು. ನಿವೃತ್ತರು ಕೆಲವರು ನಂಜನಗೂಡಿನಲ್ಲಿ ಸೇರಿದಾಗ ಇದರ ಮೇಲೆ ಜಗಳವೇ ಆಯಿತು. ಅವನು ನಮ್ಮವನಲ್ಲ, ಲ್ಯಾಬಿನವನು ಅಂತ ಒಬ್ಬರು ವಾದಿಸಿದರು. ನನಗೆ ಅದು ಹಿಡಿಸಲಿಲ್ಲ. ಲ್ಯಾಬು, ಎಕ್ಸ್‌ರೇ, ಎರಡನ್ನೂ 2021ರ ಕಾಯ್ದೆ ಒಂದೇ ಆಯೋಗದಡಿ ತಂದಿದೆ, ಹೆಸರು ನೋಂದಾಯಿಸಬೇಕು ಅನ್ನುತ್ತದೆ. ರಿಜಿಸ್ಟರಿನಲ್ಲಿ ಹೆಸರು ಬೇಕೆಂದು ಇಷ್ಟು ವರ್ಷ ಕೇಳಿದವರು, ಅದೇ ರಿಜಿಸ್ಟರಿನಿಂದ ಹೆಸರು ಹೊಡೆದುಹಾಕುವುದಕ್ಕೂ ಒಪ್ಪಬೇಕು ಅಂದೆ. ಕಾಫಿ ಬಂತು, ವಾದ ಮುಗಿಯಲಿಲ್ಲ.