ಹ್ಯಾಲೆ ವಾದ್ಯವೃಂದ

ಹ್ಯಾಲೆ ವಾದ್ಯವೃಂದವು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ನೆಲೆಗೊಂಡಿರುವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಾದ್ಯವೃಂದ (ಆರ್ಕೆಸ್ಟ್ರಾ). ಜರ್ಮನ್ ಮೂಲದ ಪಿಯಾನೋ ವಾದಕ ಚಾರ್ಲ್ಸ್ ಹ್ಯಾಲೆ ಇದನ್ನು 1858ರಲ್ಲಿ ಸ್ಥಾಪಿಸಿದರು. ರಾಜಧಾನಿ ಲಂಡನ್ನಿನ ಆಸರೆಯಿಲ್ಲದೆ, ಜವಳಿ ಉದ್ಯಮದ ನಗರವೊಂದರಲ್ಲಿ ಹುಟ್ಟಿ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಬಾಳಿರುವ ಪ್ರಾದೇಶಿಕ ವಾದ್ಯವೃಂದವೆಂಬುದು ಇದರ ವೈಶಿಷ್ಟ್ಯ. ಶರತ್ಕಾಲದಿಂದ ಬೇಸಿಗೆಯ ಆರಂಭದವರೆಗೆ ನಡೆಯುವ ವಾರ್ಷಿಕ ಕಛೇರಿ ಸರಣಿಯೇ ಈ ಸಂಸ್ಥೆಯ ಜೀವಾಳ. ಈ ಸರಣಿಯನ್ನು ಕಛೇರಿ ಋತು ಅಥವಾ ಸೀಸನ್ ಎನ್ನುತ್ತಾರೆ.

ಸ್ಥಾಪನೆಯ ಹಿನ್ನೆಲೆ

ಚಾರ್ಲ್ಸ್ ಹ್ಯಾಲೆ 1819ರ ಏಪ್ರಿಲ್ 11ರಂದು ವೆಸ್ಟ್‌ಫೇಲಿಯಾ ಪ್ರಾಂತ್ಯದ ಹಾಗೆನ್ ಊರಿನಲ್ಲಿ ಜನಿಸಿದರು. ಅವರ ಮೂಲ ಹೆಸರು ಕಾರ್ಲ್ ಹಾಲೆ. 1836ರಲ್ಲಿ ಪ್ಯಾರಿಸ್ಸಿಗೆ ತೆರಳಿದ ಅವರಿಗೆ ಅಲ್ಲಿ ಶೋಪಾನ್, ಲಿಸ್ಟ್, ಬೆರ್ಲಿಯೋಜ್ ಮೊದಲಾದ ಸಂಗೀತಗಾರರ ಒಡನಾಟ ದೊರೆಯಿತು. 1848ರ ಫ್ರೆಂಚ್ ಕ್ರಾಂತಿಯಿಂದ ಅಲ್ಲಿನ ಸಂಗೀತ ಜೀವನ ಅಸ್ತವ್ಯಸ್ತವಾದಾಗ ಇಂಗ್ಲೆಂಡಿಗೆ ಬಂದು, ಮ್ಯಾಂಚೆಸ್ಟರಿನಲ್ಲಿ ನೆಲೆಸಿದರು. ಅಲ್ಲಿ ಸದಸ್ಯರಿಗೆ ಮಾತ್ರ ಪ್ರವೇಶವಿದ್ದ ಕಛೇರಿಗಳನ್ನು ನಿರ್ದೇಶಿಸುವ ಹೊಣೆ ಅವರ ಪಾಲಿಗೆ ಬಂದಿತು.

1857ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬೃಹತ್ ಕಲಾನಿಧಿ ಪ್ರದರ್ಶನ ಏರ್ಪಟ್ಟಿತು. ಅದಕ್ಕೆ ಬರುವ ಸಾರ್ವಜನಿಕರಿಗಾಗಿ ಸಂಗೀತ ನುಡಿಸಲು ಹ್ಯಾಲೆ ದೊಡ್ಡದೊಂದು ವಾದ್ಯವೃಂದವನ್ನು ಕಟ್ಟಿದರು. ಪ್ರದರ್ಶನ ಮುಗಿದಾಗ ಆ ವಾದಕರು ಚದುರಿಹೋಗುವ ಸ್ಥಿತಿಯಿತ್ತು. ಅದಕ್ಕೆ ಅವಕಾಶ ಕೊಡದೆ, ಸ್ವಂತ ಹೊಣೆಗಾರಿಕೆಯ ಮೇಲೆ ಸಾರ್ವಜನಿಕ ಕಛೇರಿಗಳನ್ನು ನಡೆಸಲು ಅವರು ನಿರ್ಧರಿಸಿದರು. ಮೊದಲ ಕಛೇರಿ 1858ರ ಜನವರಿ 30ರಂದು ನಗರದ ಫ್ರೀ ಟ್ರೇಡ್ ಹಾಲ್ ಸಭಾಂಗಣದಲ್ಲಿ ನಡೆಯಿತು.

ಆರಂಭದ 30 ಕಛೇರಿಗಳ ಸರಣಿಯ ಲೆಕ್ಕ ನೋಡಿದಾಗ ಉಳಿದ ಲಾಭ ಎರಡು ಶಿಲಿಂಗ್ ಆರು ಪೆನ್ಸ್ ಮಾತ್ರ. ಅಂದಿನ ನಾಣ್ಯ ಪದ್ಧತಿಯಲ್ಲಿ ಶಿಲಿಂಗಿಗೆ 12 ಪೆನ್ಸ್ ಆದುದರಿಂದ, ಇದು ಕಛೇರಿಗೆ ಒಂದು ಪೆನ್ನಿಯಂತೆ ಆಯಿತು. ಈ ಪ್ರಸಂಗ ಹ್ಯಾಲೆಯವರ ನೆನಪುಗಳಲ್ಲಿ ದಾಖಲಾಗಿದೆ. ಆದರೂ ಅವರು ಹಿಂಜರಿಯಲಿಲ್ಲ. ಮುಂದಿನ ವರ್ಷಗಳಲ್ಲಿ ಕೇಳುಗರ ಸಂಖ್ಯೆ ಬೆಳೆಯಿತು. ಗುರುವಾರದ ಹ್ಯಾಲೆ ಕಛೇರಿ ಮ್ಯಾಂಚೆಸ್ಟರ್ ಜನಜೀವನದ ವಾಡಿಕೆಯಾಯಿತು. 1888ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. 1893ರಲ್ಲಿ ಪ್ರಾರಂಭವಾದ ರಾಯಲ್ ಮ್ಯಾಂಚೆಸ್ಟರ್ ಸಂಗೀತ ಕಾಲೇಜಿಗೆ ಅವರೇ ಮೊದಲ ಪ್ರಾಂಶುಪಾಲರಾದರು.

ಸ್ಥಾಪಕರ ನಂತರ

1895ರ ಅಕ್ಟೋಬರ್ 25ರಂದು ಹ್ಯಾಲೆ ನಿಧನರಾದಾಗ, ಒಬ್ಬ ವ್ಯಕ್ತಿಯ ಪರಿಶ್ರಮದಿಂದ ನಡೆಯುತ್ತಿದ್ದ ಕಛೇರಿಗಳ ಭವಿಷ್ಯವೇ ಅನಿಶ್ಚಿತವಾಯಿತು. ನಗರದ ಮೂವರು ಪ್ರಮುಖರು, ನಷ್ಟವಾದರೆ ತಾವು ಭರಿಸುವುದಾಗಿ ಒಪ್ಪಿಕೊಂಡು ಕಛೇರಿಗಳನ್ನು ಮುಂದುವರಿಸಿದರು. ಇದರಿಂದ ಹ್ಯಾಲೆ ಕಛೇರಿ ಸಂಘ ರೂಪುಗೊಂಡು, ವಾದ್ಯವೃಂದವು ವ್ಯಕ್ತಿಯ ಸ್ವತ್ತಾಗಿರದೆ ನಗರದ ಸಂಸ್ಥೆಯಾಯಿತು.

1899ರಿಂದ 1911ರವರೆಗೆ ಹಾನ್ಸ್ ರಿಕ್ಟರ್ ನಿರ್ದೇಶಕರಾಗಿದ್ದರು. 1876ರಲ್ಲಿ ಬೈರಾಯ್ತಿನಲ್ಲಿ ವಾಗ್ನರ್‌ರ ರಿಂಗ್ ನಾಟಕಚಕ್ರದ ಮೊದಲ ಪೂರ್ಣ ಪ್ರಯೋಗವನ್ನು ನಿರ್ದೇಶಿಸಿದವರು ಇವರೇ. ಎಡ್ವರ್ಡ್ ಎಲ್ಗರ್ ತಮ್ಮ ಮೊದಲ ಸಿಂಫನಿಯನ್ನು ರಿಕ್ಟರ್ ಅವರಿಗೆ ಅರ್ಪಿಸಿದ್ದು, ಅದರ ಪ್ರಥಮ ಪ್ರಯೋಗ 1908ರ ಡಿಸೆಂಬರ್ 3ರಂದು ಹ್ಯಾಲೆ ವಾದ್ಯವೃಂದದಿಂದ ನಡೆಯಿತು. 1920ರಿಂದ 1933ರವರೆಗೆ ಹ್ಯಾಮಿಲ್ಟನ್ ಹಾರ್ಟಿ ಈ ಸ್ಥಾನದಲ್ಲಿದ್ದರು.

1943ರ ಪುನರ್ನಿರ್ಮಾಣ

ಎರಡನೆಯ ಮಹಾಯುದ್ಧದಲ್ಲಿ ಸಂಸ್ಥೆ ತನ್ನ ಅತ್ಯಂತ ಕಠಿಣ ಪರೀಕ್ಷೆಯನ್ನು ಎದುರಿಸಿತು. 1940ರ ಡಿಸೆಂಬರಿನ ಬಾಂಬ್ ದಾಳಿಯಲ್ಲಿ ಫ್ರೀ ಟ್ರೇಡ್ ಹಾಲ್ ಧ್ವಂಸವಾಯಿತು. ಹ್ಯಾಲೆಯ ವಾದಕರಲ್ಲಿ ಅನೇಕರು ಬಿ.ಬಿ.ಸಿ.ಯ ಉತ್ತರ ವಲಯದ ವಾದ್ಯವೃಂದದಲ್ಲಿಯೂ ದುಡಿಯುತ್ತಿದ್ದರು. ಹ್ಯಾಲೆಯನ್ನು ಪೂರ್ಣಾವಧಿ ಸಂಸ್ಥೆಯಾಗಿಸಲು ನಿರ್ಧರಿಸಿದಾಗ, ಇವರಲ್ಲಿ ಹೆಚ್ಚಿನವರು ಬಿ.ಬಿ.ಸಿ.ಯಲ್ಲಿಯೇ ಉಳಿದರು. ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ನಿರ್ದೇಶಕರಾಗಿದ್ದ ಜಾನ್ ಬಾರ್ಬಿರೋಲಿ ಆಹ್ವಾನವನ್ನು ಮನ್ನಿಸಿ 1943ರಲ್ಲಿ ಮ್ಯಾಂಚೆಸ್ಟರಿಗೆ ಬಂದಾಗ, ಅವರ ಮುಂದಿದ್ದವರು ಬೇಕಾದ ಸಂಖ್ಯೆಯ ಅರ್ಧಕ್ಕಿಂತಲೂ ಕಡಿಮೆ ವಾದಕರು. ಮೊದಲ ಕಛೇರಿಗೆ ಉಳಿದಿದ್ದುದು ಕೆಲವೇ ವಾರಗಳು.

ಯುವ ವಾದಕರು ಸೈನ್ಯದಲ್ಲಿದ್ದ ಕಾಲ ಅದು. ಬಾರ್ಬಿರೋಲಿ ದಿನವಿಡೀ ಪರೀಕ್ಷೆ ನಡೆಸಿ, ಹಿನ್ನೆಲೆ ಯಾವುದೇ ಇರಲಿ, ಚೆನ್ನಾಗಿ ನುಡಿಸಬಲ್ಲವರನ್ನು ಆರಿಸಿಕೊಂಡರು. ಪ್ರಧಾನ ಫ್ಲೂಟ್ ವಾದಕನಾದವನು ಇನ್ನೂ ಶಾಲಾ ವಿದ್ಯಾರ್ಥಿ. ಹಾರ್ನ್ ನುಡಿಸಿದವರಲ್ಲಿ ಶಾಲಾ ಶಿಕ್ಷಕಿಯೊಬ್ಬರಿದ್ದರು. ಹಿತ್ತಾಳೆ ವಾದ್ಯಗಳಿಗೆ ಸುತ್ತಮುತ್ತಲ ಬ್ಯಾಂಡುಗಳಿಂದ ಜನ ಬಂದರು. ಮಹಿಳಾ ವಾದಕರ ಸಂಖ್ಯೆಯೂ ಗಣನೀಯವಾಗಿತ್ತು. ಹೀಗೆ ಕಟ್ಟಿದ ವಾದ್ಯವೃಂದದ ಮೊದಲ ಕಛೇರಿ 1943ರ ಜುಲೈ 5ರಂದು ಬ್ರಾಡ್‌ಫರ್ಡ್ ಪಟ್ಟಣದಲ್ಲಿ ನಡೆಯಿತು. ಸ್ವಂತ ಸಭಾಂಗಣವಿಲ್ಲದ ಆ ವರ್ಷಗಳಲ್ಲಿ ಬೆಲ್ ವ್ಯೂ ವಿಹಾರಧಾಮದ ಸರ್ಕಸ್ ಅಂಗಣವೂ ಕಛೇರಿಯ ತಾಣವಾಗಿತ್ತು. ಫ್ರೀ ಟ್ರೇಡ್ ಹಾಲ್ ಪುನರ್ನಿರ್ಮಾಣಗೊಂಡು ತೆರೆದದ್ದು 1951ರಲ್ಲಿ.

ಬಾರ್ಬಿರೋಲಿ 1970ರಲ್ಲಿ ನಿಧನರಾಗುವವರೆಗೂ ಹ್ಯಾಲೆಯ ನಂಟನ್ನು ಬಿಡಲಿಲ್ಲ. ರೇಫ್ ವಾನ್ ವಿಲಿಯಮ್ಸ್ ಅವರ ಏಳನೆಯ ಸಿಂಫನಿ (1953) ಮತ್ತು ಎಂಟನೆಯ ಸಿಂಫನಿ (1956) ಅವರ ನಿರ್ದೇಶನದಲ್ಲಿಯೇ ಮೊದಲು ಪ್ರಯೋಗಗೊಂಡವು.

ಭಾರತದೊಂದಿಗೆ ಸಂಬಂಧ

1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾವನ್ನು ಸ್ಥಾಪಿಸಿದ ಪಿಟೀಲು ವಾದಕ ಮೆಹ್ಲಿ ಮೆಹ್ತಾ, 1950ರ ದಶಕದಲ್ಲಿ ಮ್ಯಾಂಚೆಸ್ಟರಿಗೆ ತೆರಳಿ, ಬಾರ್ಬಿರೋಲಿ ಅವರ ನಿರ್ದೇಶನದಲ್ಲಿ ಹ್ಯಾಲೆಯ ಪಿಟೀಲು ವಿಭಾಗದಲ್ಲಿ ಸೇವೆ ಸಲ್ಲಿಸಿದರು. ವಿಶ್ವವಿಖ್ಯಾತ ನಿರ್ದೇಶಕ ಜುಬಿನ್ ಮೆಹ್ತಾ ಇವರ ಪುತ್ರ.

ಕಛೇರಿ ಋತುವಿನ ಸ್ವರೂಪ

ಮುಂಬರುವ ಋತುವಿನ ಕಾರ್ಯಕ್ರಮಪಟ್ಟಿ ಹಲವು ತಿಂಗಳು ಮೊದಲೇ ಪ್ರಕಟವಾಗುತ್ತದೆ. ಅದರ ಸಿದ್ಧತೆ ಇನ್ನೂ ಮುಂಚಿನದು. ಪ್ರಧಾನ ನಿರ್ದೇಶಕರು, ಅತಿಥಿ ನಿರ್ದೇಶಕರು, ಏಕವಾದನದ ಕಲಾವಿದರು ಇವರೆಲ್ಲರ ಬಿಡುವನ್ನು ಹೊಂದಿಸಿ ಕೃತಿಗಳನ್ನು ಆರಿಸಬೇಕು. ಬೆಥೋವೆನ್, ಬ್ರಾಮ್ಸ್ ಮೊದಲಾದವರ ಪರಿಚಿತ ಕೃತಿಗಳು ಸಭಾಂಗಣವನ್ನು ತುಂಬಿಸುತ್ತವೆ. ಅವುಗಳ ಜೊತೆಗೆ ಹೊಸ ಕೃತಿಗಳಿಗೂ ಎಡೆಯಿಲ್ಲದಿದ್ದರೆ ಪರಂಪರೆ ಬೆಳೆಯುವುದಿಲ್ಲ. ಇವೆರಡರ ನಡುವಣ ಸಮತೋಲನವೇ ಪಟ್ಟಿ ತಯಾರಿಸುವವರ ಮುಖ್ಯ ಸವಾಲು. ಹಲವು ಕಛೇರಿಗಳಿಗೆ ಒಟ್ಟಾಗಿ ಮುಂಗಡ ಟಿಕೆಟ್ ಪಡೆಯುವ ಚಂದಾದಾರರಿಗೆ ರಿಯಾಯಿತಿ ಇರುತ್ತದೆ. ಇವರ ಹಣ ಮೊದಲೇ ಕೈಸೇರುವುದರಿಂದ ಸಂಸ್ಥೆಗೆ ಆರ್ಥಿಕ ಭರವಸೆ ಸಿಗುತ್ತದೆ.

ಟಿಕೆಟ್ ಮಾರಾಟವೊಂದರಿಂದಲೇ ವೆಚ್ಚ ಸರಿದೂಗುವುದಿಲ್ಲ. ಸಾರ್ವಜನಿಕ ಅನುದಾನ, ದಾನಿಗಳ ನೆರವು ಹಾಗೂ ಇತರ ಊರುಗಳಲ್ಲಿನ ಕಛೇರಿಗಳ ಆದಾಯವೂ ಬೇಕಾಗುತ್ತದೆ. 1990ರ ದಶಕದ ಕೊನೆಯಲ್ಲಿ ಸಂಸ್ಥೆ ತೀವ್ರ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿ ಚೇತರಿಸಿಕೊಂಡಿತು. 2020ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಸಭಾಂಗಣಗಳು ಮುಚ್ಚಿದಾಗ, ಕಛೇರಿಗಳನ್ನು ಚಿತ್ರೀಕರಿಸಿ ಅಂತರಜಾಲದ ಮೂಲಕ ಕೇಳುಗರಿಗೆ ತಲುಪಿಸಿತು.

ಸಭಾಂಗಣ ಮತ್ತು ಇಂದಿನ ಸ್ಥಿತಿ

1996ರಿಂದ ಬ್ರಿಜ್‌ವಾಟರ್ ಹಾಲ್ ಹ್ಯಾಲೆಯ ಕಛೇರಿಗಳ ಮುಖ್ಯ ನೆಲೆಯಾಗಿದೆ. ಸುಮಾರು 2,300 ಆಸನಗಳಿರುವ ಈ ಕಟ್ಟಡವನ್ನು ಸ್ಪ್ರಿಂಗ್‌ಗಳ ಮೇಲೆ ನಿಲ್ಲಿಸಲಾಗಿದ್ದು, ರಸ್ತೆ ಮತ್ತು ಟ್ರಾಮ್ ಸಂಚಾರದ ಕಂಪನ ಒಳಗೆ ತಟ್ಟುವುದಿಲ್ಲ. ಆಂಕೋಟ್ಸ್ ಬಡಾವಣೆಯಲ್ಲಿ ಹಿಂದೆ ಚರ್ಚ್ ಆಗಿದ್ದ ಸೇಂಟ್ ಪೀಟರ್ಸ್ ಕಟ್ಟಡವನ್ನು ನವೀಕರಿಸಿ 2013ರಿಂದ ಅಭ್ಯಾಸಕ್ಕೆ ಬಳಸಲಾಗುತ್ತಿದೆ. ಸಂಸ್ಥೆಗೆ ತನ್ನದೇ ಗಾಯನವೃಂದ ಮತ್ತು ಯುವ ವಾದ್ಯವೃಂದಗಳಿವೆ.

2000ದಿಂದ 2024ರವರೆಗೆ ಮಾರ್ಕ್ ಎಲ್ಡರ್ ಸಂಗೀತ ನಿರ್ದೇಶಕರಾಗಿದ್ದರು. 2024ರ ಶರತ್ಕಾಲದಲ್ಲಿ ಆರಂಭವಾದ ಋತುವಿನಿಂದ ಸಿಂಗಪುರ ಸಂಜಾತ ಕಾಚುನ್ ವಾಂಗ್ ಪ್ರಧಾನ ನಿರ್ದೇಶಕರಾಗಿದ್ದಾರೆ.