ಕುಣಿತಕ್ಕೆ ಅಂಕ ಎಷ್ಟು?

ಶಿರಸಿಯ ಹುಲೇಕಲ್ ಕಡೆಯ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಮಾತೊಂದಿದೆ: ‘ತಮಾ, ಹತ್ನೆತ್ತಿ ಮುಗೀಲಿ, ಕಡಿಗೆ ಕುಣಿಲಕ್ಕು.’ ಹತ್ತನೇ ಕ್ಲಾಸು ಮುಗಿಯಲಿ, ಆಮೇಲೆ ಕುಣಿಯಬಹುದು ಅಂತ. ಆದರೆ ಆ ‘ಆಮೇಲೆ’ ಎಷ್ಟು ಮಕ್ಕಳಿಗೆ ಬರುತ್ತೆ ಹೇಳಿ? ಹತ್ತಾದ ಮೇಲೆ ಪಿಯುಸಿ, ಅದರ ಬೆನ್ನಿಗೇ ಸಿಇಟಿ, ನೀಟ್. ಗೆಜ್ಜೆ ಅಟ್ಟ ಸೇರುತ್ತೆ. ಅಡಿಕೆ ಮಾರಿದ ದುಡ್ಡು ಕೋಚಿಂಗ್ ಸೇರುತ್ತೆ.

ಇದು ಅಪ್ಪ-ಅಮ್ಮಂದಿರ ತಪ್ಪಾ? ಅಲ್ಲ. ಅವರ ದುಡ್ಡಿಗೆ ದಾರಿ ತೋರಿಸಿದ್ದು ನೀತಿ. ಸ್ವಲ್ಪ ಇತಿಹಾಸ ನೋಡೋಣ.

ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ದು 1934ರಲ್ಲಿ. ಅವರ ಮಗ ಶಂಭು ಹೆಗಡೆಯವರು ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರ ಆರಂಭಿಸಿದ್ದು 1986ರಲ್ಲಿ. ಉತ್ತರ ಕನ್ನಡದಲ್ಲಿ ಯಕ್ಷಗಾನ ಬೆಳೆದದ್ದು ಮೇಳದಲ್ಲಿ, ಗುರುವಿನ ಅಂಗಳದಲ್ಲಿ. ಶಾಲೆಯ ಅಂಕಪಟ್ಟಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. ವೃತ್ತಿಪರ ಕಾಲೇಜುಗಳ ಸೀಟಿಗೆ ಪ್ರತಿಭೆಯೇ ಮಾನದಂಡ ಅಂತ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ನಮ್ಮಲ್ಲಿ ಸಿಇಟಿ ಘಟಕ ಹುಟ್ಟಿತು. ಡೊನೇಷನ್ ಕೊಡಲಾಗದ ಹಳ್ಳಿ ಮಕ್ಕಳಿಗೆ ಬಾಗಿಲು ತೆರೆದದ್ದು ಅದೇ. ಇಂಜಿನಿಯರಿಂಗ್ ಓದಿದ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಆ ಶ್ರೇಯಾಂಕದಲ್ಲಿ ಭೌತಶಾಸ್ತ್ರಕ್ಕೆ ಅಂಕ ಉಂಟು, ಭಾಗವತಿಕೆಗೆ ಇಲ್ಲ. ಎಸ್ಸೆಸ್ಸೆಲ್ಸಿಯ 625 ಅಂಕಗಳ ಲೆಕ್ಕವೂ ಅಷ್ಟೆ. ಪ್ರತಿಭಾ ಕಾರಂಜಿಯಲ್ಲಿ ಗೆದ್ದರೆ ಪ್ರಮಾಣಪತ್ರ ಸಿಗುತ್ತೆ, ಅಂಕ ಸಿಗಲ್ಲ.

ಹಾಗಾದರೆ ಅಂಕ ಕೊಟ್ಟುಬಿಟ್ಟರೆ? ಗಡಿಯಾಚೆ ಕಾಸರಗೋಡು ನೋಡಿ. ಅಲ್ಲಿನ ಕನ್ನಡದ ಮಕ್ಕಳು ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಆಡುತ್ತಾರೆ. 1957ರಲ್ಲಿ ಶುರುವಾದ ಈ ಉತ್ಸವದ 60ನೇ ಆವೃತ್ತಿ 2019ರಲ್ಲಿ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲೇ ನಡೆಯಿತು. ರಾಜ್ಯಮಟ್ಟದಲ್ಲಿ ಒಳ್ಳೆ ಗ್ರೇಡ್ ಬಂದರೆ ಪರೀಕ್ಷೆಗೆ ಗ್ರೇಸ್ ಅಂಕ ಉಂಟು. ಹಾಗಾಗಿ ಪಾಲಕರು ಖರ್ಚು ಮಾಡುತ್ತಾರೆ: ಗುರುವಿಗೆ, ವೇಷಕ್ಕೆ, ಮೇಕಪ್ಪಿಗೆ. ತೀರ್ಪು ಒಪ್ಪದಿದ್ದರೆ ಮೇಲ್ಮನವಿ, ಕೋರ್ಟು! ಕಲೆಗೆ ದುಡ್ಡೇನೋ ಬಂತು. ಆದರೆ ದುಡ್ಡಿಲ್ಲದ ಮನೆಯ ಮಗುವಿಗೆ ವೇದಿಕೆ ದೂರವಾಯಿತು.

ಅಂದರೆ, ಅಂಕ ಕೊಡದಿದ್ದರೆ ಕಲೆಯ ಖರ್ಚು ನಿಲ್ಲುತ್ತೆ. ಕೊಟ್ಟರೆ ಖರ್ಚಿನ ಪೈಪೋಟಿ. ಎರಡರಲ್ಲೂ ಬಿಲ್ ಹೋಗುವುದು ಮನೆಗೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ-ವಿಜ್ಞಾನಗಳ ನಡುವೆ ಗೋಡೆ ಬೇಡ ಅಂದಿತು. ಕರ್ನಾಟಕ 2021ರಲ್ಲಿ ಅದನ್ನು ಪದವಿ ಕಾಲೇಜುಗಳಿಗೆ ತಂದಿತು. 2023ರಲ್ಲಿ ಸರ್ಕಾರ ಬದಲಾಯಿತು, ರಾಜ್ಯಕ್ಕೆ ತನ್ನದೇ ನೀತಿ ಬೇಕು ಅಂತ ಆಯೋಗ ಬಂತು. ನೀತಿಗಳು ಬಂದವು, ಹೋದವು. ಸಿಇಟಿ ಶ್ರೇಯಾಂಕಕ್ಕೆ ಕಲೆ ಮಾತ್ರ ಇವತ್ತಿಗೂ ಹೊರಗಿನದೇ.

ಹೊಸ ನೀತಿಯ ಚರ್ಚೆ ಇರಲಿ ಸ್ವಾಮಿ, ಈಗಿರುವ ಕಾನೂನು ಏನನ್ನುತ್ತೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. ಇದು ಸಲಹೆ ಅಲ್ಲ, ಕಾನೂನು. ನೂರರ ಗಡಿ ಮುಟ್ಟದ ಮಲೆನಾಡಿನ ಪುಟ್ಟ ಶಾಲೆಗಳು ಅದರ ಲೆಕ್ಕಕ್ಕೇ ಬರೋದಿಲ್ಲ ಅನ್ನೋದು ಬೇರೆ ಮಾತು. ಆ ಶಾಲೆಗಳ ಒಂದು ಗುಂಪಿಗೆ ಒಬ್ಬ ಯಕ್ಷಗಾನ ಗುರುವನ್ನು ಕೊಡೋದು ಸರ್ಕಾರಕ್ಕೆ ಭಾರವಾ? ಆಗ ತೋಟದ ಯಜಮಾನರ ಮಗನೂ ತೋಟದ ಕೆಲಸಕ್ಕೆ ಬರುವವರ ಮಗಳೂ ಒಂದೇ ತಾಳಕ್ಕೆ ಹೆಜ್ಜೆ ಹಾಕಬಹುದು. ಹತ್ನೆತ್ತಿ ಮುಗಿಯುವ ತನಕ ಕಾಯಬೇಕಾಗಿಲ್ಲ.