ಐದು ವರ್ಷ ಬಾಗಿಲು ತೆರೆಯದ ಶಾಲೆಗಳು

ಅಮೆರಿಕಾದಲ್ಲಿ ಸೆಪ್ಟೆಂಬರ್ ಬಂತು ಅಂದ್ರೆ ನಮ್ಮ ಕಡೆ ಜೂನ್ ತಿಂಗಳು ಶುರುವಾದ ಹಾಗೆ. ಹೊಸ ಬ್ಯಾಗು, ಹೊಸ ಶೂ, ಬೀದಿ ಮೂಲೆಯಲ್ಲಿ ಹಳದಿ ಬಸ್ಸು. ಆದ್ರೆ 1959ರ ಸೆಪ್ಟೆಂಬರಿನಲ್ಲಿ ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಸರ್ಕಾರಿ ಶಾಲೆಗಳು ತೆರೆಯಲೇ ಇಲ್ಲ. ಮುಂದಿನ ವರ್ಷವೂ ಇಲ್ಲ. ಒಟ್ಟು ಐದು ವರ್ಷ! ಯುದ್ಧ ಇರಲಿಲ್ಲ, ಬರ ಇರಲಿಲ್ಲ, ಪ್ಲೇಗೂ ಬಂದಿರಲಿಲ್ಲ. ಮತ್ತೆ ಯಾಕೆ ಅಂತೀರಾ? ಸ್ವಲ್ಪ ಹಿಂದಿನಿಂದ ಹೇಳಬೇಕು.

ರಿಚ್ಮಂಡ್ ಪಟ್ಟಣದಿಂದ ಸುಮಾರು 65 ಮೈಲಿ ದೂರದಲ್ಲಿ ಫಾರ್ಮ್‌ವಿಲ್ ಅಂತ ಒಂದು ಊರಿದೆ. ಈ ಕೌಂಟಿಯ ಮುಖ್ಯ ಊರು ಅದೇ, ಸುತ್ತಲೂ ತಂಬಾಕು ಬೆಳೆಯುತ್ತಿದ್ದ ಸೀಮೆ. ಆಗ ಬಿಳಿಯರ ಮಕ್ಕಳಿಗೊಂದು ಶಾಲೆ, ಕಪ್ಪು ಮಕ್ಕಳಿಗೊಂದು ಶಾಲೆ. ಕಪ್ಪು ಮಕ್ಕಳ ಮೋಟನ್ ಹೈಸ್ಕೂಲನ್ನು 1939ರಲ್ಲಿ 180 ಮಕ್ಕಳಿಗೆ ಅಂತ ಕಟ್ಟಿದ್ದರು. 1951ರ ಹೊತ್ತಿಗೆ ಅಲ್ಲಿ 450ಕ್ಕೂ ಹೆಚ್ಚು ಮಕ್ಕಳು. ಕಟ್ಟಡ ದೊಡ್ಡದು ಮಾಡ್ರಿ ಅಂತ ಕೇಳಿದ್ದಕ್ಕೆ ಸಿಕ್ಕಿದ್ದು ಡಾಂಬರು ಕಾಗದ ಹೊದಿಸಿದ ಗುಡಿಸಲುಗಳು. ಮಳೆ ಬಂದ್ರೆ ಸೋರುತ್ತಿದ್ದವು. ಚಳಿಗಾಲದಲ್ಲಿ ಒಲೆಯ ಪಕ್ಕ ಕೂತವರು ಬೇಯಬೇಕು, ದೂರ ಕೂತವರು ನಡುಗಬೇಕು.

ಹದಿನಾರು ವರ್ಷದ ಬಾರ್ಬರಾ ಜಾನ್ಸ್ ಎಂಬ ಹುಡುಗಿಗೆ ಇದು ಸಾಕಾಗಿಹೋಯಿತು. 1951ರ ಏಪ್ರಿಲ್ 23ರಂದು ಅವಳೂ ಅವಳ ಗೆಳೆಯರೂ ಮಾಡಿದ ಕೆಲಸ ನೋಡಿ. ಬಸ್ ಸ್ಟೇಷನ್ನಿನಲ್ಲಿ ನಿಮ್ಮ ಹುಡುಗರು ಏನೋ ತೊಂದರೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಪ್ರಿನ್ಸಿಪಾಲರಿಗೆ ಫೋನು ಮಾಡಿಸಿ ಅವರನ್ನು ಶಾಲೆಯಿಂದ ಹೊರಗೆ ಕಳಿಸಿದರು. ಆಮೇಲೆ ಅವರದೇ ಹೆಸರಿನಲ್ಲಿ ಎಲ್ಲ ಕ್ಲಾಸಿಗೂ ಚೀಟಿ: ಈಗಲೇ ಸಭೆಗೆ ಬನ್ನಿ! ಮಕ್ಕಳೆಲ್ಲ ಬಂದು ಕೂತರು, ಪರದೆ ಸರಿದಾಗ ವೇದಿಕೆ ಮೇಲೆ ಬಾರ್ಬರಾ. ಎರಡು ವಾರ ಸ್ಟ್ರೈಕ್ ನಡೆಯಿತು. ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪರೀಕ್ಷೆ ಮುಂದೆ ಹಾಕಿಸಲು ನಡೆಯುತ್ತಿದ್ದ ಸ್ಟ್ರೈಕುಗಳನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತೆ ಬಿಡಿ :)

ಮಕ್ಕಳು ಕೇಳಿದ್ದು ಒಳ್ಳೆಯ ಕಟ್ಟಡ ಅಷ್ಟೇ. ಆದರೆ ಅವರಿಗಾಗಿ ಬಂದ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್, ಬರೀ ಕಟ್ಟಡ ಕೇಳೋದಾದ್ರೆ ನಾವು ಬರೋಲ್ಲ, ಪ್ರತ್ಯೇಕ ಶಾಲೆ ಎಂಬ ಪದ್ಧತಿಯನ್ನೇ ಪ್ರಶ್ನಿಸೋಣ ಅಂದರು. ಹಾಗೆ ಹಾಕಿದ ಕೇಸು ಮುಂದೆ ಪ್ರಸಿದ್ಧವಾದ ಬ್ರೌನ್ ಪ್ರಕರಣದ ಐದು ಕೇಸುಗಳಲ್ಲಿ ಒಂದಾಯಿತು. ಐದರಲ್ಲಿ ವಿದ್ಯಾರ್ಥಿಗಳೇ ಎದ್ದುನಿಂತು ಶುರುಮಾಡಿದ್ದು ಇದೊಂದೇ. 1954ರ ಮೇ 17ರಂದು ಸುಪ್ರೀಂ ಕೋರ್ಟು ಪ್ರತ್ಯೇಕ ಶಾಲೆಗಳು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಅಷ್ಟರಲ್ಲಿ ಬಾರ್ಬರಾ ಊರಲ್ಲೇ ಇರಲಿಲ್ಲ. ಅವಳ ಜೀವಕ್ಕೆ ಹೆದರಿದ ಮನೆಯವರು ಅಲಬಾಮಾದ ಮಾಂಟ್ಗೊಮರಿಯಲ್ಲಿ ಪಾದ್ರಿಯಾಗಿದ್ದ ದೊಡ್ಡಪ್ಪ ವರ್ನನ್ ಜಾನ್ಸ್ ಮನೆಗೆ ಕಳಿಸಿಬಿಟ್ಟಿದ್ದರು. ಆ ದೊಡ್ಡಪ್ಪನ ಚರ್ಚಿಗೆ ಅವರ ನಂತರ ಬಂದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್!

ತೀರ್ಪು ಬಂದ ಮಾತ್ರಕ್ಕೆ ಏನೂ ಆಗಲಿಲ್ಲ. ವರ್ಜೀನಿಯಾದ ಸೆನೆಟರ್ ಹ್ಯಾರಿ ಬರ್ಡ್ ಇದನ್ನು ಸರ್ವಶಕ್ತಿಯಿಂದ ತಡೆಯಬೇಕೆಂದು ಕರೆ ಕೊಟ್ಟರು. 1958ರಲ್ಲಿ ರಾಜ್ಯ ಸರ್ಕಾರವೇ ನಾರ್ಫೋಕ್ ಮುಂತಾದ ಕಡೆ ಶಾಲೆ ಮುಚ್ಚಿಸಿತು. 1959ರ ಜನವರಿಯಲ್ಲಿ ಕೋರ್ಟುಗಳು ಅದನ್ನು ರದ್ದು ಮಾಡಿದ ಮೇಲೆ ಅಲ್ಲೆಲ್ಲ ಬಾಗಿಲು ತೆರೆಯಿತು. ಪ್ರಿನ್ಸ್ ಎಡ್ವರ್ಡ್ ಕೌಂಟಿಗೂ ಮೇ ತಿಂಗಳಲ್ಲಿ ಆದೇಶ ಬಂತು: ಸೆಪ್ಟೆಂಬರಿನಿಂದ ಎಲ್ಲ ಮಕ್ಕಳೂ ಒಟ್ಟಿಗೆ ಕೂರಬೇಕು.

ಇಲ್ಲಿನ ಶಾಲೆಗಳ ಖರ್ಚಿನ ದೊಡ್ಡ ಪಾಲು ಬರುವುದು ಆಯಾ ಊರಿನ ತೆರಿಗೆಯಿಂದ. ನಮ್ಮಲ್ಲಿ ಸರ್ಕಾರಿ ಮೇಷ್ಟ್ರಿಗೆ ಸಂಬಳ ಬೆಂಗಳೂರಿನಿಂದ ಬರುವ ಹಾಗಲ್ಲ. ಕೌಂಟಿಯ ಮೇಲ್ವಿಚಾರಕರ ಮಂಡಳಿ ಇದನ್ನೇ ಹಿಡಿದುಕೊಂಡಿತು. ಕೋರ್ಟಿಗೆ ಎದುರು ಮಾತಾಡಲಿಲ್ಲ, ಶಾಲೆ ಬಾಗಿಲಲ್ಲಿ ಪೊಲೀಸರನ್ನೂ ನಿಲ್ಲಿಸಲಿಲ್ಲ. ಜೂನ್ ತಿಂಗಳಲ್ಲಿ ಶಾಲೆಗೆ ಹಣ ಇಲ್ಲ ಅಂದಿತು, ಅಷ್ಟೇ. ಎಕ್ಸೆಲ್ ಶೀಟಿನ ಒಂದು ಸೆಲ್ಲಿನಲ್ಲಿ ಸೊನ್ನೆ ಬರೆದ ಹಾಗೆ. ನನಗೆ ಇಡೀ ಕಥೆಯಲ್ಲಿ ಅತ್ಯಂತ ಭಯ ಹುಟ್ಟಿಸೋದು ಈ ಸೊನ್ನೆ. ಬೈಗುಳವಿಲ್ಲ, ಕಲ್ಲು ತೂರಾಟವಿಲ್ಲ, ಎಲ್ಲ ನಿಯಮದ ಪ್ರಕಾರವೇ ನಡೆದುಹೋಯಿತು.

ಬಿಳಿಯರ ಮಕ್ಕಳಿಗೆ ಅದೇ ಸೆಪ್ಟೆಂಬರಿನಲ್ಲಿ ಖಾಸಗಿ ಶಾಲೆ ಸಿದ್ಧವಾಗಿತ್ತು. ಚರ್ಚು, ಕ್ಲಬ್ಬು, ಸಿಕ್ಕ ಜಾಗದಲ್ಲೆಲ್ಲ ತರಗತಿ. ಮಾರನೇ ವರ್ಷ ಫೀಸಿಗೆ ಸರ್ಕಾರದ ದುಡ್ಡೂ ಸಿಕ್ಕಿತು (1961ರಲ್ಲಿ ಕೋರ್ಟು ಅದನ್ನು ತಡೆಯಿತು). ಕಪ್ಪು ಮಕ್ಕಳಿಗೂ ಹಾಗೇ ಒಂದು ಖಾಸಗಿ ಶಾಲೆ ಮಾಡಿಕೊಡುತ್ತೇವೆ ಎಂಬ ಪ್ರಸ್ತಾಪ ಬಂತು. ಅವರ ಹಿರಿಯರು ಒಪ್ಪಲಿಲ್ಲ. ಒಪ್ಪಿದರೆ ಕೇಸಿಗೆ ಅರ್ಥವೇ ಇರುವುದಿಲ್ಲವಲ್ಲ. ಸರಿಯಾದ ನಿರ್ಧಾರ ಅಂತ ಇಷ್ಟು ವರ್ಷದ ಮೇಲೆ ಆರಾಮ ಕುರ್ಚಿಯಲ್ಲಿ ಕೂತು ಹೇಳೋದು ಸುಲಭ. ಮನೆಯಲ್ಲಿ ಎಂಟು ವರ್ಷದ ಮಗ ಸುಮ್ಮನೆ ಕೂತಿರುವಾಗ ಹೇಳುವುದಿದೆಯಲ್ಲ, ಅದು ಬೇರೆ.

ಸುಮಾರು 1,700 ಕಪ್ಪು ಮಕ್ಕಳಿಗೆ ಶಾಲೆ ಇಲ್ಲವಾಯಿತು. ಕೆಲವರು ಪಕ್ಕದ ಕೌಂಟಿಯ ನೆಂಟರ ಮನೆ ಸೇರಿದರು. ಕ್ವೇಕರ್ ಪಂಥದವರ ಸಂಸ್ಥೆಯೊಂದು ಇನ್ನು ಕೆಲವರನ್ನು ದೂರದ ರಾಜ್ಯಗಳಿಗೆ ಕಳಿಸಿ ಓದಿಸಿತು. ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ ಮತ್ತು ಜೊತೆಯವರು ಚರ್ಚುಗಳ ನೆಲಮಾಳಿಗೆಯಲ್ಲಿ ಕೈಲಾದಷ್ಟು ಪಾಠ ನಡೆಸಿದರು. ಉಳಿದವರು ಹೊಲಕ್ಕೆ ಹೋದರು, ಇಲ್ಲಾ ಮನೆಯಲ್ಲಿ ಕೂತರು. 1963ರ ಸೆಪ್ಟೆಂಬರಿನಲ್ಲಿ ಕೆನಡಿ ಸರ್ಕಾರದ ಒತ್ತಾಸೆಯಿಂದ, ದಾನದ ಹಣದಲ್ಲಿ, ಒಂದು ವರ್ಷದ ಮಟ್ಟಿಗೆ ಉಚಿತ ಶಾಲೆಗಳು ಶುರುವಾದಾಗ ಹತ್ತು ದಾಟಿದ ಮಕ್ಕಳಿಗೂ ಅಕ್ಷರ ಬರುತ್ತಿರಲಿಲ್ಲ.

1964ರ ಮೇ 25ರಂದು ಗ್ರಿಫಿನ್ ಹೆಸರಿನ ಕೇಸಿನಲ್ಲೇ ಸುಪ್ರೀಂ ಕೋರ್ಟು ಕೊನೆಯ ಮಾತು ಹೇಳಿತು: ತೆರಿಗೆ ಹಾಕಿ ಶಾಲೆ ನಡೆಸಿ ಎಂದು ಕೌಂಟಿಗೆ ಆಜ್ಞೆ ಮಾಡುವ ಅಧಿಕಾರ ಕೆಳಗಿನ ಕೋರ್ಟಿಗೆ ಇದೆ. ಅಂದ್ರೆ ಆ ಸೊನ್ನೆಯನ್ನೇ ಅಳಿಸಿತು. ಸೆಪ್ಟೆಂಬರಿನಲ್ಲಿ ಸರ್ಕಾರಿ ಶಾಲೆ ತೆರೆದವು. ಬಂದ ಬಿಳಿಯ ಮಕ್ಕಳು ಬೆರಳೆಣಿಕೆ.

ಬಾರ್ಬರಾ ಮುಂದೆ ಲೈಬ್ರೇರಿಯನ್ ಆಗಿ ಕೆಲಸ ಮಾಡಿ 1991ರಲ್ಲಿ ತೀರಿಕೊಂಡರು. ಮೋಟನ್ ಶಾಲೆ ಈಗ ಮ್ಯೂಸಿಯಂ. ಅಮೆರಿಕಾದ ಸಂಸತ್ ಭವನದಲ್ಲಿ ವರ್ಜೀನಿಯಾದ ಪರವಾಗಿ ನಿಂತಿದ್ದ ಜನರಲ್ ಲೀ ಪ್ರತಿಮೆಯನ್ನು 2020ರ ಡಿಸೆಂಬರಿನಲ್ಲಿ ತೆಗೆದರು, ಅದರ ಬದಲಿಗೆ ಆರಿಸಿದ್ದು ಇದೇ ಬಾರ್ಬರಾಳನ್ನು. ಶಾಲೆ ತಪ್ಪಿದವರಿಗೆ ಮತ್ತೆ ಓದಲು ವರ್ಜೀನಿಯಾ ಸರ್ಕಾರ ಸ್ಕಾಲರ್‌ಶಿಪ್ ಕೊಟ್ಟದ್ದು 2004ರಲ್ಲಿ. 1959ರಲ್ಲಿ ಒಂದನೇ ಕ್ಲಾಸಿಗೆ ಸೇರಬೇಕಿದ್ದ ಆರು ವರ್ಷದ ಮಗುವಿಗೆ ಅಷ್ಟರಲ್ಲಿ ವಯಸ್ಸು 51.